ಬಾಗಿಲು ತೆರೆದಿಟ್ಟವಳು

ನನಗೆ ಕೂತಲ್ಲಿ ಕೂರುವ ಅಭ್ಯಾಸ ಮೊದಲಿನಿಂದಲೂ ಇಲ್ಲ. ಊಟಕ್ಕೆ ಕೂತರೂ ನಾಲ್ಕು ಸಲ ಏಳುತ್ತೇನೆ. ಉಪ್ಪು ತರಲು, ಗ್ಯಾಸ್ ಆರಿಸಿದೆನೋ ಇಲ್ಲವೋ ನೋಡಲು, ಏನೂ ನೆವ ಸಿಗದಿದ್ದರೆ ಕಿಟಕಿಯಿಂದ ಹಣಿಕಿ ಹಾಕಲು. ನಮ್ಮ ಯಜಮಾನರು ರೈಲ್ವೆಯವರು. ಹುಬ್ಬಳ್ಳಿಯಿಂದ ಸೂರತ್‌ಗೆ, ಸೂರತ್‌ನಿಂದ ಅಹಮದಾಬಾದಿಗೆ ವರ್ಗವಾದಾಗಲೆಲ್ಲ ನೆಂಟರಿಷ್ಟರು "ಅಯ್ಯ ಪಾಪ, ಮತ್ತ ಗಂಟು ಕಟ್ಟಬೇಕಲ್ಲವಾ" ಎಂದು ಲೊಚಗುಟ್ಟುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಈಗ ಮಣಿನಗರದಲ್ಲಿದ್ದೇವೆ, ಸ್ಟೇಷನ್ನಿನ ಮಗ್ಗುಲಿಗೇ. ಯಾವಾಗ ಬೇಕಾದರೂ ಹೊರಡಬಹುದು ಅನ್ನುವುದೇ ಈ ಮನೆಯಲ್ಲಿ ನನಗಿರುವ ದೊಡ್ಡ ಸಮಾಧಾನ.

ಅಂಥ ನನ್ನನ್ನು ಆ ಒಂದು ವಾರ ಮನೆಯಲ್ಲಿ ಕಟ್ಟಿಹಾಕಿಟ್ಟರು. ಕಟ್ಟಿಹಾಕಿದವಳು ಬೇರೆ ಯಾರೂ ಅಲ್ಲ, ನಾನೇ ಹೆತ್ತ ಮಗಳು.

ಮಗಳು ಓದುತ್ತಿರುವುದು ವಡೋದರಾದಲ್ಲಿ. ಅಲ್ಲೊಂದು ಫ್ಲ್ಯಾಟಿನಲ್ಲಿ ಮೂವರು ಹುಡುಗಿಯರು ಸೇರಿ ಬಾಡಿಗೆಗಿದ್ದರು. ಒಬ್ಬಳು ಇವಳು. ಇನ್ನೊಬ್ಬಳು ಹತ್ತಿರದ ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನಲ್ಲಿ ಬೆಳೆದ ಗುಜರಾತಿ ಹುಡುಗಿ, ಶನಿವಾರ ಬಂತೆಂದರೆ ಮನೆಗೆ ಓಡುವವಳು. ಮೂರನೆಯವಳು ಇಥಿಯೋಪಿಯಾದಿಂದ ಬಂದವಳು, ಫಾರ್ಮಸಿ ಓದಲು. ಅವರಪ್ಪನಿಗೆ ಅಲ್ಲಿ ಔಷಧದ ಅಂಗಡಿ.

ಆ ಹುಡುಗಿಯ ವಿಷಯ ಮೊದಲ ಸಲ ಕೇಳಿದಾಗ ನಾನೂ ಏನು ಕಡಿಮೆ ಅವಿವೇಕ ಮಾಡಲಿಲ್ಲ. ನಮ್ಮ ಕಾಲದಲ್ಲಿ ಟಿ.ವಿ.ಯಲ್ಲಿ ಆ ದೇಶವೆಂದರೆ ಬರಗಾಲ ಒಂದೇ. ಎದೆಯ ಗೂಡು ಕಾಣುವ ಕೂಸುಗಳು, ಕಣ್ಣಿಗೆ ಮುತ್ತಿದ ನೊಣ. ಅದನ್ನೇ ತಲೆಯಲ್ಲಿಟ್ಟುಕೊಂಡು ಮೊದಲ ಭೇಟಿಗೆ ಒಂದು ಚೀಲ ಅಕ್ಕಿ, ಡಬ್ಬಿ ತುಂಬ ತುಪ್ಪ ಹೊತ್ತುಕೊಂಡು ಹೋದೆ. ಬಾಗಿಲು ತೆರೆದವಳು ನನಗಿಂತ ಒಂದು ಗೇಣು ಎತ್ತರ, ಕೆಂಪು ಉಗುರುಬಣ್ಣ ಹಚ್ಚಿಕೊಂಡು ನಗುತ್ತ ನಿಂತಿದ್ದಳು. ತುಪ್ಪ ಬೇಡ ಅಂದಳು. ಅವರಿಗೆ ಆಗ ಉಪವಾಸದ ದಿನಗಳಂತೆ, ಮಾಂಸ ಹೋಗಲಿ, ಹಾಲು ತುಪ್ಪ ಕೂಡ ಮುಟ್ಟುವುದಿಲ್ಲವಂತೆ. ವರ್ಷದಲ್ಲಿ ಅರ್ಧ ಭಾಗ ಇಂಥ ಉಪವಾಸವೇ ಇರುತ್ತದೆ ಎಂದಳು. ಮನೆಗೆ ಬಂದು ಯಜಮಾನರಿಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನಗಿಂತ ಮಡಿವಂತಿ ಅದಾಳ ತೊಗೋ!"

ಆವತ್ತು ಅವಳು ಕಾಫಿ ಮಾಡಿಕೊಟ್ಟಿದ್ದಳು. ಕಾಫಿ ಅಂದರೆ ನಾವು ತಿಳಿದ ಕಾಫಿ ಅಲ್ಲ. ಹಸಿ ಬೀಜ ಹುರಿದು, ಆ ಹೊಗೆಯನ್ನು ಬಂದವರ ಮೂಗಿನ ತನಕ ಹಿಡಿದು, ಕುಟ್ಟಿ, ಕುದಿಸಿ, ಚಿಕ್ಕ ಬಟ್ಟಲಿಗೆ ಹೊಯ್ದು ಕೊಡುವುದು. ಅದು ಮೂರು ಸುತ್ತು. ಮೂರನೆಯದು ಕುಡಿಯುವ ತನಕ ಬಂದವರು ಏಳಬಾರದು. ನಾನು ಒಂದನೆಯದಕ್ಕೇ ಎದ್ದೆ. ಕೆಳಗೆ ಆಟೊ ನಿಲ್ಲಿಸಿದ್ದೆ. ಹುಡುಗಿಯ ಮುಖ ಸಣ್ಣಗಾಯಿತು. "ಮತ್ತೊಂದ್ಸಲ ಕುಡಿತೇನವಾ" ಎಂದು ಕನ್ನಡದಲ್ಲೇ ಹೇಳಿ ಬಂದಿದ್ದೆ.

ಅದಾದ ಮೇಲೆ ಅವಳು ನಮ್ಮ ಮನೆಗೂ ಬಂದುಹೋಗಿದ್ದಳು. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಜೋಳದ ರೊಟ್ಟಿ ಬಡಿಯುವುದನ್ನು ಕಣ್ಣು ಪಿಳುಕಿಸದೆ ನೋಡಿದಳು. ಮಗಳು ಆ ಹೊತ್ತಿಗೆಲ್ಲ ಮೂಲೆಯಲ್ಲಿ ಫೋನು ಹಿಡಿದು ಯಾವುದೋ ಇಂಗ್ಲಿಷ್ ಸೀರೀಸ್ ನೋಡುತ್ತ ಒಬ್ಬಳೇ ನಗುತ್ತಿದ್ದಳು.

ಈ ಸೀರೀಸ್‌ಗಳ ವಿಷಯಕ್ಕೆ ಬಂದೆ. ನಾನು ನವರಂಗಪುರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಓದುವ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು, ಅದಕ್ಕೆ ಫೋನು ಆನಿಸಿ, ಕಿವಿಗೆ ಬಿರಡೆ ತುರುಕಿಕೊಂಡು ಕೂತ ಮಕ್ಕಳನ್ನು ದಿನಾ ನೋಡುತ್ತೇನೆ. ಕೊರಿಯಾದ್ದು, ಅಮೆರಿಕದ್ದು, ಟರ್ಕಿಯದ್ದು, ಏನೆಲ್ಲ. ನೋಡಲಿ, ನನಗೇನು? ಆದರೆ ನೋಡಿದ್ದನ್ನೆಲ್ಲ ಇವರು ತಿಳಿದುಕೊಂಡಿದ್ದು ಅಂದುಕೊಳ್ಳುತ್ತಾರಲ್ಲ, ಅಲ್ಲಿಗೆ ನನ್ನ ಮೈ ಉರಿಯುತ್ತದೆ. ಅಮೆರಿಕದವರು ಹದಿನೆಂಟು ತುಂಬಿದ ಮಕ್ಕಳನ್ನು ಮನೆಯಿಂದ ಹೊರಗೆ ಹಾಕುತ್ತಾರಂತೆ. ಕೊರಿಯಾದ ಗಂಡಸರು ಹುಡುಗಿಯ ಶೂಗೆ ಲೇಸು ಕಟ್ಟುತ್ತಾರಂತೆ. ನನ್ನನ್ನೂ ಬಿಟ್ಟಿಲ್ಲ. ಹಿಂದಿಗೆ ಡಬ್ ಆದ ನಮ್ಮ ಕಡೆಯ ಹೊಡೆದಾಟದ ಸಿನಿಮಾ ನೋಡಿದ ಹುಡುಗನೊಬ್ಬ ಒಂದು ದಿನ ಕೌಂಟರಿಗೆ ಬಂದು, ಬಹಳ ಮರ್ಯಾದೆಯಿಂದಲೇ ಕೇಳಿದ. "ಮೇಡಂ, ನಿಮ್ಮ ಕಡೆ ಮದುವೆಯಲ್ಲೂ ಮಚ್ಚು ಹಿಡಿದುಕೊಂಡು ಓಡಾಡುತ್ತಾರಾ?"

"ಹೌದು, ನಾನೂ ಒಂದು ತಂದೀನಿ, ಫೈನ್ ಕಟ್ಟದವರಿಗೆ ಇಟ್ಟೀನಿ" ಅಂದೆ ಹಿಂದಿಯಲ್ಲಿ. ಪಾಪ, ಆವತ್ತೇ ಪುಸ್ತಕ ವಾಪಸು ತಂದುಕೊಟ್ಟ.

ಇರಲಿ. ಆ ವಾರದ್ದು ಹೇಳುತ್ತೇನೆ.

ಸೋಮವಾರ ಬೆಳಿಗ್ಗೆ ನಾನು ಡಬ್ಬಿ ಕಟ್ಟುತ್ತಿದ್ದಾಗ ಮಗಳ ಫೋನು ಬಂತು. ಅವಳ ಕನ್ನಡ ಹೇಗಿದೆಯೆಂದರೆ, ಇಲ್ಲೇ ಬೆಳೆದವಳು, ಒಂದು ಮಾತಿಗೆ ಮೂರು ಭಾಷೆ ಬೇಕು.

"ಮಮ್ಮಿ, ಅಕಿ ಪಪ್ಪಾ ಎಕ್ಸ್‌ಪೈರ್ ಆಗ್ಯಾರ. ನಿನ್ನೆ. ಅಚಾನಕ್ ಹಾರ್ಟ್."

ಯಾರದು ಎಂದು ಕೇಳಬೇಕಾಗಲಿಲ್ಲ. ಇಥಿಯೋಪಿಯಾದ ಹುಡುಗಿಯ ಅಪ್ಪ. ಫೋನಿನಲ್ಲೇ ಸುದ್ದಿ ಬಂದಿತ್ತು. ಅಲ್ಲಿ ಮರುದಿನವೇ ಮಣ್ಣು ಮಾಡುತ್ತಾರಂತೆ, ಇವಳು ಹೇಗೆ ಹಾರಿಕೊಂಡು ಹೋದರೂ ಮುಖ ಸಿಗುವಂತಿರಲಿಲ್ಲ. ಅವಳ ದೇಶದ ಹುಡುಗರಿಬ್ಬರು ಸೂರತ್‌ನಲ್ಲಿ ಓದುತ್ತಿದ್ದರು, ಅವರಿಗೆ ಪರೀಕ್ಷೆ, ಭಾನುವಾರಕ್ಕಿಂತ ಮೊದಲು ಬರುವಂತಿರಲಿಲ್ಲ. ನನ್ನ ಕೈಯಲ್ಲಿದ್ದ ಚಪಾತಿ ಅಲ್ಲೇ ಉಳಿಯಿತು.

"ನಾ ಈಗ ಹೊಂಟೆ. ಹತ್ತರ ಗಾಡಿ ಸಿಗ್ತದ."

"ಮಮ್ಮಿ, ನೋ! ಪ್ಲೀಸ್. ಬರಬ್ಯಾಡ. ಅಕೀಗೆ ಸ್ಪೇಸ್ ಬೇಕು."

"ಏನ್ ಬೇಕು?"

"ಸ್ಪೇಸ್, ಮಮ್ಮಿ. ಅವರ ಕಲ್ಚರ್‌ನಾಗ ನಮ್ಮಂಗ ಎಲ್ಲಾರೂ ಬಂದು ರೋನಾ ಧೋನಾ ಮಾಡೂದಿಲ್ಲ. ಫಾರಿನರ್ಸ್ ಪ್ರೈವೇಟ್ ಇರ್ತಾರ. ಅಕೀನ ಒಬ್ಬಾಕಿನ್ನ ಬಿಡಬೇಕು. ನಾವು ಕಾರ್ಡ್ ಇಟ್ಟೀವಿ, ಫ್ಲವರ್ಸ್ ಇಟ್ಟೀವಿ. ದಟ್ಸ್ ಹೌ ದೆ ಡೂ ಇಟ್."

"ಅಕಿ ಹಂಗಂತ ಹೇಳಿದ್ಲೇನು?"

"ಹೇಳೂದು ಯಾಕ ಬೇಕು? ಗೊತ್ತಿರ್ತದ ಅಲ್ಲ."

ಹೇಗೆ ಗೊತ್ತಿರುತ್ತದೆ ಎಂದು ನಾನು ಕೇಳುವ ಮೊದಲೇ ಫೋನು ಇಟ್ಟಳು. ಯಜಮಾನರು ಶೇವ್ ಮಾಡಿಕೊಳ್ಳುತ್ತಿದ್ದರು. ಅವರಿಗೆ ಹೇಳಿದೆ. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ, "ಹುಡುಗ್ರು ಕಲ್ತಾವು. ಅವಕ್ಕ ಈಗಿನ ಪದ್ಧತಿ ಗೊತ್ತಿರ್ತದ. ನೀ ಹೋಗಿ ಅಲ್ಲೆ ಗದ್ದಲ ಮಾಡಬ್ಯಾಡ" ಅಂದರು.

"ಸತ್ತ ಮನಿಗೆ ಹೋಗಬ್ಯಾಡ ಅಂತ ಯಾವ ಸಾಲ್ಯಾಗ ಕಲಸ್ತಾರ್ರೀ?"

ಅವರು ಗಲ್ಲಕ್ಕೆ ಮತ್ತೊಮ್ಮೆ ನೊರೆ ಹಚ್ಚಿಕೊಂಡರು. ನಾನು ಲೈಬ್ರರಿಗೆ ಹೋದೆ. ಹೋದೆ ಅಂದರೆ ದೇಹ ಹೋಯಿತು. ಒಂದೇ ಪುಸ್ತಕಕ್ಕೆ ಎರಡು ಸಲ ಮುದ್ರೆ ಒತ್ತಿದೆ. ಮಧ್ಯಾಹ್ನ ಎದ್ದು ಕಪಾಟುಗಳ ನಡುವೆ ಸುಮ್ಮನೆ ತಿರುಗಾಡಿದೆ. ನಾನು ಹೋಗಬೇಕೋ, ಹೋಗಬಾರದೋ? ಹೋದರೆ ಆ ಹುಡುಗಿಗೆ ಕಿರಿಕಿರಿಯಾದರೆ? ಮಗಳು ಹೇಳುವುದರಲ್ಲಿ ನಿಜವಿದ್ದರೆ? ನಾನು ಒಂದು ಚೀಲ ಅಕ್ಕಿ ಹೊತ್ತುಕೊಂಡು ಹೋಗಿ ನಗೆಪಾಟಲಾದವಳು. ನನಗೇನು ಗೊತ್ತು ಆ ದೇಶ ಅನ್ನುವ ಅಳುಕು ಒಂದು ಕಡೆ. ಇನ್ನೊಂದು ಕಡೆ, ಹೋಗಲೇಬೇಕು ಅನ್ನುವ ಒಂದು ಸಂಕಟ.

ಆ ಸಂಕಟ ಎಲ್ಲಿಯದು ಎಂದು ನನಗೆ ಗೊತ್ತು. ಅದು ಸೂರತ್‌ನದು. ನಮ್ಮಪ್ಪ ಧಾರವಾಡದಲ್ಲಿ ಹೋದ ದಿನ ನಾನು ಸೂರತ್‌ನಲ್ಲಿದ್ದೆ. ಯಜಮಾನರು ಲೈನ್ ಮೇಲೆ ಡ್ಯೂಟಿಗೆ ಹೋಗಿದ್ದರು, ಗಾಡಿಯಿದ್ದದ್ದು ಮರುದಿನ. ಆ ಊರಿಗೆ ಬಂದು ಇನ್ನೂ ಹೊಸತು, ಹಾಲು ತರಕಾರಿ ಕೇಳುವಷ್ಟು ಗುಜರಾತಿಯೂ ಬರುತ್ತಿರಲಿಲ್ಲ. ಫೋನು ಇಟ್ಟು ನಾನು ಕಿರುಚಿದ್ದು ಗೋಡೆಯಾಚೆ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ಹೆಂಗಸರು ಬಂದರು, ಬಿಳಿ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು. ಯಾರ ಹೆಸರೂ ನನಗೆ ಗೊತ್ತಿರಲಿಲ್ಲ. ಚಾಪೆ ಅವರೇ ಹುಡುಕಿಕೊಂಡು ಹಾಸಿದರು. ಇಲ್ಲಿ ಅದಕ್ಕೆ ಬೇಸಣು ಅನ್ನುತ್ತಾರೆ, ಸಾವಿನ ಮನೆಗೆ ಬಂದು ಸುಮ್ಮನೆ ಕೂರುವುದು. ಒಬ್ಬಾಕೆ ನನ್ನ ಬೆನ್ನ ಮೇಲಿಟ್ಟ ಕೈಯನ್ನು ಸಂಜೆಯವರೆಗೂ ತೆಗೆಯಲಿಲ್ಲ. ಮಗಳು ಆಗ ಚಿಕ್ಕವಳು, ಯಾರದೋ ತೊಡೆಯ ಮೇಲೆ ಮಲಗಿಬಿಟ್ಟಿದ್ದಳು. ಅವಳಿಗೆ ಅದರ ನೆನಪಿಲ್ಲ. ನನಗೆ ಆ ಕೈಯ ಭಾರ ಈಗಲೂ ನೆನಪಿದೆ.

ಮಂಗಳವಾರ ನಾನೇ ಫೋನು ಮಾಡಿದೆ. ಹುಡುಗಿ ಹೇಗಿದ್ದಾಳೆ?

"ಶೀ ಈಸ್ ಸೋ ಸ್ಟ್ರಾಂಗ್, ಮಮ್ಮಿ. ಅತ್ತೇ ಇಲ್ಲ." ಮಗಳ ದನಿಯಲ್ಲಿ ಮೆಚ್ಚುಗೆ ಇತ್ತು. "ಹಾಲ್‌ನಾಗ ಬ್ಲ್ಯಾಕ್ ಡ್ರೆಸ್ ಹಾಕ್ಕೊಂಡು ಕೂತಾಳ. ನಾವು ಅಕೀ ಕಡೆ ನೋಡೂದಿಲ್ಲ. ಹೆಡ್‌ಫೋನ್ ಹಾಕ್ಕೊಂಡು ಇರ್ತೀವಿ, ಕಿಚನ್‌ಗೆ ಹೋಗೂ ಮುಂದ ಸೈಲೆಂಟ್ಲಿ ಹೋಗ್ತೀವಿ."

"ಊಟ?"

"ಅಕೀನ ಏನೋ ಕುದಸ್ತಾಳ. ಗೇಹೂ, ಛೋಲೆ. ದೊಡ್ಡ ಪಾತ್ರೆ ತುಂಬ. ತಿನ್ನೂದಿಲ್ಲ. ಸಂಜಿಗೆ ಒಗೀತಾಳ. ಇವತ್ತ ಮತ್ತ ಕುದಸ್ಯಾಳ. ಸ್ಟ್ರೆಸ್ ಕುಕಿಂಗ್ ಇರ್ತದ ಮಮ್ಮಿ, ಸೀರೀಸ್‌ನಾಗ ತೋರಸ್ತಾರ. ಟ್ರಾಮಾ ಆದಾಗ ಮಂದಿ ಬೇಕ್ ಮಾಡ್ಕೋತ ಇರ್ತಾರ."

ಗೋಧಿ, ಕಡಲೆ ಬೇಯಿಸುವುದೂ ಬೇಕ್ ಮಾಡುವುದೂ ಇವಳಿಗೆ ಒಂದೇ. ಫೋನಿಟ್ಟ ಮೇಲೆ ಅಡುಗೆಮನೆಗೂ ಬಾಲ್ಕನಿಗೂ ತಿರುಗಾಡಿದೆ. ಕೆಳಗೆ ಒಂದು ಗಾಡಿ ಬಂದು ನಿಂತು ಹೊರಟುಹೋಯಿತು. ಸಿನಿಮಾದಲ್ಲಿ ಸಾವಿಗೆ ಎಷ್ಟು ಹೊತ್ತು ಕೊಡುತ್ತಾರೆ, ಎರಡು ನಿಮಿಷ. ಕರಿ ಬಟ್ಟೆ, ಕರಿ ಕೊಡೆ, ಒಂದು ಹೂವು, ಒಂದು ಮುಚ್ಚಿದ ಬಾಗಿಲು, ಅಷ್ಟರಲ್ಲಿ ಮುಂದಿನ ದೃಶ್ಯ. ಉಳಿದ ದಿನಗಳನ್ನು ಆ ಮನೆಯವರು ಹೇಗೆ ನೂಕಿದರು ಎಂದು ಯಾರು ತೋರಿಸುತ್ತಾರೆ? ಅದು ಅಮೆರಿಕದವರಿಗಾದರೂ ನಿಜವೋ ಸುಳ್ಳೋ ದೇವರಿಗೇ ಗೊತ್ತು. ಈ ಹುಡುಗಿಯರಿಗೆ ಹೊರದೇಶ ಅಂದರೆ ಎಲ್ಲ ಸೇರಿ ಒಂದೇ ದೇಶ. ಆ ಎರಡು ನಿಮಿಷದ ಸಾವನ್ನು ತಂದು ಇಥಿಯೋಪಿಯಾದವಳ ತಲೆಗೆ ಕಟ್ಟಿದ್ದರು. ಇಷ್ಟೆಲ್ಲ ಗೊಣಗಿಯೂ ನಾನು ಹೊರಡಲಿಲ್ಲ ನೋಡಿ. ಮಗಳ ಮಾತಿನಲ್ಲಿದ್ದ ಆ ಖಾತ್ರಿ ನನ್ನನ್ನು ಹಿಡಿದು ನಿಲ್ಲಿಸಿತ್ತು.

ಬುಧವಾರ, ಗುರುವಾರ ಹೀಗೇ ಹೋದವು. ಆ ಹುಡುಗಿಗೆ ನೇರ ಫೋನು ಮಾಡಿದೆ, ಎತ್ತಲಿಲ್ಲ. ಅವಳ ಊರಿನ ಫೋನುಗಳೇ ಬರುತ್ತಿರುತ್ತವೆ ಎಂದಳು ಮಗಳು. ಯಜಮಾನರು ನನ್ನ ಓಡಾಟ ನೋಡಲಾರದೆ, "ನೀ ಒಂದ ಕಡೆ ಕೂತರ ನನಗ ಪೇಪರ್ ಓದಲಿಕ್ಕಾಗ್ತದ" ಅಂದರು. "ಪೇಪರ್ ಒಂದ ಓದ್ರಿ ನೀವು" ಎಂದು ಅವರ ಮೇಲೆ ಹರಿಹಾಯ್ದೆ. ತಪ್ಪು ಅವರದಲ್ಲ. ಆದರೂ ಬೈದೆ.

ಶುಕ್ರವಾರ ಸಂಜೆ ಮಗಳು ತಾನಾಗಿ ಫೋನು ಮಾಡಿದಳು. ಈ ಸಲ ದನಿಯಲ್ಲಿ ಸ್ವಲ್ಪ ಹೆದರಿಕೆ.

"ಮಮ್ಮಿ, ಅಕಿ ಅಜೀಬ್ ಮಾಡಾಕತ್ತಾಳ. ನಮ್ಮ ರೂಮಿನ ಸ್ಟಡಿ ಚೇರ್ ಎಲ್ಲಾ ಕೇಳಿ ತೊಗೊಂಡು ಹೋಗಿ ಹಾಲ್‌ನಾಗ ಲೈನ್ ಆಗಿ ಇಟ್ಟಾಳ. ನೆಲದ ಮ್ಯಾಲೆ ವೈಟ್ ಬೆಡ್‌ಶೀಟ್ ಹಾಸ್ಯಾಳ. ಮೇನ್ ಡೋರ್ ಓಪನ್ ಇಡ್ತಾಳ. ನಾವು ಅಕೀ ಪ್ರೈವಸಿ ಸಲುವಾಗಿ ಕ್ಲೋಸ್ ಮಾಡ್ತೀವಿ, ಅಕಿ ಮತ್ತ ಎದ್ದು ಬಂದು ತಗೀತಾಳ. ಏನೂ ಅನ್ನೂದಿಲ್ಲ. ಕಾಫೀ ಮಾಡ್ತಾಳ, ಅದು ಥಂಡಾ ಆಗ್ತದ, ಚೆಲ್ಲತಾಳ. ಡಾಕ್ಟರ್‌ಗೆ ತೋರಸಬೇಕೇನು?"

ನಾನು ಗೋಡೆಗೆ ಒರಗಿ ನಿಂತೆ. ಬಾಗಿಲು ತೆರೆದಿದೆ, ಕುರ್ಚಿಗಳು ಸಾಲಾಗಿವೆ, ನೆಲಕ್ಕೆ ಬಿಳಿ ಬಟ್ಟೆ ಹಾಸಿದೆ, ಪಾತ್ರೆ ತುಂಬ ಗುಗ್ಗರಿ ಬೆಂದಿದೆ, ಕಾಫಿ ಕುದಿದಿದೆ. ಇನ್ನೇನು ಬೇಕು ತಿಳಿಯಲು?

"ಅಯ್ಯ ಹುಚ್ಚೀ," ಅಂದೆ. ನನ್ನ ದನಿ ನನಗೇ ಒಡಕಾಗಿ ಕೇಳಿತು. "ಅಕೀಗೆ ಏನೂ ಆಗಿಲ್ಲಲೇ. ಮಂದಿ ಬರ್ತಾರಂತ ಕುಂತಾಳ ಅಕಿ! ಮಂದಿ ಬರ್ತಾರಂತ!"

ಫೋನಿಟ್ಟವಳೇ ವಡೋದರಾ ಗಾಡಿಯ ವೇಳೆ ನೋಡಿದೆ.

ಮರುದಿನ ಬೆಳಗಿನ ಗಾಡಿಗೆ ಹೊರಟೆ. ಯಜಮಾನರು ಈ ಸಲ ಬೇಡ ಅನ್ನಲಿಲ್ಲ, ಸ್ಟೇಷನ್ನಿಗೆ ಬಂದು ಕಿಟಕಿಯ ಸೀಟು ಹಿಡಿದುಕೊಟ್ಟರು. ನನ್ನೆದುರು ಕೂತ ಇಬ್ಬರು ಕಾಲೇಜು ಹುಡುಗರು ಒಂದೇ ಫೋನಿಗೆ ತಲೆ ಹಚ್ಚಿ ಯಾವುದೋ ಪರದೇಶದ ಮದುವೆ ನೋಡುತ್ತಿದ್ದರು. ಆಣಂದ್ ದಾಟಿದರೂ ಮದುವೆ ಮುಗಿಯಲಿಲ್ಲ. ಮದುವೆಗೆ ಎಷ್ಟು ಹೊತ್ತು ಕೊಡುತ್ತಾರೆ, ನೋಡಿ! ನಾನು ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆ. ಗಾಡಿ ನಿಧಾನ ಹೋಗುತ್ತಿದೆ ಎಂದು ಟಿ.ಸಿ.ಯ ಜೊತೆ ಜಗಳ ತೆಗೆಯುವುದೊಂದು ಬಾಕಿ.

ಫ್ಲ್ಯಾಟಿನ ಕೆಳಗೆ ಲಿಫ್ಟಿಗೆ ಕಾಯುತ್ತ ನಿಂತಾಗ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದು ಕಂಡಿತು. ಗುಜರಾತಿಯಲ್ಲಿ, ಚೆಂದದ ಅಕ್ಷರದಲ್ಲಿ. ಇಷ್ಟು ವರ್ಷದಲ್ಲಿ ನಾನು ಅಕ್ಷರ ಕೂಡಿಸಿ ಓದುವಷ್ಟು ಕಲಿತಿದ್ದೇನೆ. ಮೂರನೆಯ ಮಹಡಿಯ ಮನೆಯ ನಂಬರು, ತಂದೆಯ ಮರಣದ ಸುದ್ದಿ, ಅದರ ಕೆಳಗೆ ಒಂದು ಸಾಲು: 'ಲೌಕಿಕ ಪ್ರಥಾ ಬಂಧ ರಾಖೇಲ ಛೆ.' ಇಲ್ಲಿಯ ಪತ್ರಿಕೆಗಳ ಸಾವಿನ ಜಾಹೀರಾತಿನಲ್ಲಿ ಎಷ್ಟೋ ಸಲ ನೋಡಿದ ಸಾಲು ಅದು. ಮನೆಯವರಿಗೆ ಜನ ಬರುವುದು ಬೇಡವಾದರೆ ಹಾಗೆ ಹಾಕಿಸುತ್ತಾರೆ. ಸಂತಾಪಕ್ಕೆ ಬರುವ ವಾಡಿಕೆ ನಿಲ್ಲಿಸಿದ್ದೇವೆ, ಯಾರೂ ಬರಬೇಡಿ ಎಂದು ಅರ್ಥ. ಒಮ್ಮೆ ಹಾಗೆ ಬರೆದರೆ ಇಲ್ಲಿ ನರಪಿಳ್ಳೆಯೂ ಹೋಗುವುದಿಲ್ಲ, ಹೋಗುವುದು ಅಮರ್ಯಾದೆ. ಕೊಯಾಲಿಯ ಹುಡುಗಿಯ ಕೈಬರಹವಿರಬೇಕು. ನನ್ನ ಮಗಳಿಗೆ ಇಷ್ಟು ಚೆಂದದ ಅಕ್ಷರ ಯಾವ ಭಾಷೆಯಲ್ಲೂ ಇಲ್ಲ.

ನಾನು ಅದನ್ನೇ ನೋಡುತ್ತ ನಿಂತಿದ್ದನ್ನು ಕಂಡು ನೆಲಮಹಡಿಯ ಮನೆಯಿಂದ ಒಬ್ಬ ಹಿರಿಯ ಹೆಂಗಸು ಹೊರಗೆ ಬಂದರು. ಈ ಹಿಂದೆ ಲಿಫ್ಟಿನ ಹತ್ತಿರ ನೋಡಿ ನಕ್ಕ ಪರಿಚಯ.

"ಅಮೆ ತೋ ಆವ್ಯಾ ಹತಾ, ಬೆನ್," ಅಂದರು. ನಾವು ಬಂದಿದ್ದೆವಮ್ಮ. ಸುದ್ದಿ ತಿಳಿದ ದಿನವೇ ಕೆಳಗಿನ ಎಲ್ಲ ಮನೆಗಳ ಹೆಂಗಸರು ಬಿಳಿ ಸೀರೆಯುಟ್ಟು ಲಿಫ್ಟಿನ ತನಕ ಬಂದಿದ್ದರಂತೆ. ಇದನ್ನು ಓದಿ ಹಿಂದಕ್ಕೆ ಹೋದರಂತೆ. "ಪರದೇಶಿ ಹುಡುಗಿ, ಅವರ ರೀತಿ ಬೇರೆ ಅಂತ ಮಕ್ಕಳು ಹೇಳಿದರು. ನಮಗೇನು ಗೊತ್ತು? ದಿನಾ ಮೇಲಿಂದ ಕಾಫಿಯ ವಾಸನೆ ಬರುತ್ತದೆ, ನನಗೆ ಮನಸ್ಸು ತಡೆಯುವುದಿಲ್ಲ."

ನಾನು ಆ ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತೆ. ಮಡಚಿ ಪರ್ಸಿನಲ್ಲಿ ತುರುಕಿಕೊಂಡೆ. ಮಗಳಿಗೆ ಆಮೇಲೆ ಇದೆ ಹಬ್ಬ ಅಂದುಕೊಂಡೆ. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಉಳಿದಿರಲಿಲ್ಲ, ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದೇ ಇತ್ತು.

ಮಗಳು ಹೇಳಿದಂತೆಯೇ ಎಲ್ಲ ಇತ್ತು. ಗೋಡೆಯ ಉದ್ದಕ್ಕೂ ಕುರ್ಚಿಗಳು, ಒಂದು ಸ್ಟೂಲು, ಒಂದು ಮಗುಚಿದ ಬಕೆಟ್ಟು ಕೂಡ, ಕುರ್ಚಿ ಸಾಲದೇ ಹೋದರೆ ಇರಲಿ ಎಂದು. ನೆಲದ ಮೇಲೆ ಬಿಳಿಯ ಹಾಸು, ಒಂದೂ ಸುಕ್ಕಿಲ್ಲ. ಟೀಪಾಯಿಯ ಮೇಲೆ ತಟ್ಟೆ ಮುಚ್ಚಿದ ಪಾತ್ರೆ, ಪಕ್ಕದಲ್ಲಿ ಬೋರಲು ಹಾಕಿದ ಲೋಟಗಳು. ಮೂಲೆಯಲ್ಲಿ, ಬಾಗಿಲಿಗೆ ಮುಖ ಮಾಡಿ, ಕಪ್ಪು ಬಟ್ಟೆಯಲ್ಲಿ ಆ ಹುಡುಗಿ ಕೂತಿದ್ದಳು. ಉಗುರುಬಣ್ಣ ಅಳಿಸಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

ನನಗೆ ಇಂಗ್ಲಿಷ್ ಒಂದು ಶಬ್ದವೂ ನೆನಪಾಗಲಿಲ್ಲ. "ಏನಾತವಾ ತಾಯಿ ಇದು, ಏನಾತ" ಎಂದು ಹೋಗಿ ತಬ್ಬಿಕೊಂಡೆ.

ಆಗ ಅವಳು ಅತ್ತಳು. ಅತ್ತಳು ಅಂದರೆ ಸಾಲದು. ನಮ್ಮ ಊರುಗಳಲ್ಲಿ ಹೆಂಗಸರು ಹಾಡಿಕೊಂಡು ಅಳುವುದನ್ನು ಕೇಳಿದವರಿಗೆ ಗೊತ್ತಿರುತ್ತದೆ, ಹಾಗೆ. ಅವಳ ಭಾಷೆಯಲ್ಲಿ ಅಪ್ಪನನ್ನು ಕರೆದು ಕರೆದು ಏನೇನೋ ಕೇಳಿದಳು. ಎದೆ ಬಡಿದುಕೊಂಡಳು. ನಾನೂ ಅತ್ತೆ, ಅವಳಪ್ಪನಿಗೂ ನಮ್ಮಪ್ಪನಿಗೂ ಸೇರಿಸಿ. ಮಗಳು ಗಾಬರಿಯಾಗಿ ಕೋಣೆಯಿಂದ ಓಡಿಬಂದಳು, ಹೆಡ್‌ಫೋನು ಕುತ್ತಿಗೆಗೆ ಜೋತುಬಿದ್ದಿತ್ತು. ನಮ್ಮಿಬ್ಬರನ್ನೂ ನೋಡಿ, ಅಕ್ಕಪಕ್ಕದವರಿಗೆ ಕೇಳಿಸುತ್ತದೆ ಎಂದು ಬಾಗಿಲು ಮುಚ್ಚಲು ಹೋದಳು.

"ಮುಟ್ಟಬ್ಯಾಡ ಬಾಗಲಾ!" ಅಂದೆ. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಬಹಳ ಹೊತ್ತಿನ ಮೇಲೆ ಹುಡುಗಿ ಮುಖ ಒರೆಸಿಕೊಂಡು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದಳು. ಪಾತ್ರೆಯ ತಟ್ಟೆ ತೆಗೆದು ನನ್ನ ಬೊಗಸೆಗೆ ಗುಗ್ಗರಿ ಹಾಕಿದಳು. ಬರೀ ಗೋಧಿ, ಕಡಲೆ, ಉಪ್ಪು ಕೂಡ ಕಡಿಮೆ. ಅವಳ ಊರಿನಲ್ಲಿ ಸಾವಿನ ಮನೆಗೆ ಬಂದವರಿಗೆ ಇದನ್ನೇ ಕೊಡುತ್ತಾರಂತೆ. ಮನೆಯವರು ಒಲೆ ಹಚ್ಚುವುದಿಲ್ಲವಂತೆ, ನೆರೆಯವರೇ ಬೇಯಿಸಿ ತಂದು, ದಿನಗಟ್ಟಲೆ ಬಂದು ಕೂರುತ್ತಾರಂತೆ. ಇಲ್ಲಿ ಯಾರೂ ಇಲ್ಲವಲ್ಲ, ಅದಕ್ಕೆ ನಾನೇ ಬೇಯಿಸಿದೆ ಅಂದಳು. ಅದನ್ನು ಅವಳು ತಪ್ಪು ಒಪ್ಪಿಕೊಂಡ ಹಾಗೆ ಹೇಳಿದಳು, ನನಗೆ ಜೀವ ಚುರ್ ಅಂತು.

ಕಾಫಿ ಹೊಯ್ದು ಕೊಟ್ಟು, ನೆಲದ ಮೇಲೆ ನನ್ನ ಕಾಲ ಹತ್ತಿರ ಕೂತು, ಅಪ್ಪನ ಸುದ್ದಿ ಹೇಳತೊಡಗಿದಳು. ನಮ್ಮ ಹಿಂದಿ ಸೀರಿಯಲ್‌ಗಳು ಅವಳ ದೇಶದ ಟಿ.ವಿ.ಯಲ್ಲಿ ಅವರ ಭಾಷೆಗೆ ಡಬ್ ಆಗಿ ಬರುತ್ತವಂತೆ. ಅಪ್ಪ ಸಂಜೆ ಅಂಗಡಿ ಮುಚ್ಚಿ ಓಡಿಬಂದು ಅವಳ ಜೊತೆ ಕೂತು ನೋಡುತ್ತಿದ್ದರಂತೆ. ಅತ್ತೆ ಸೊಸೆಯರ ಜಗಳಕ್ಕೆ ಅವರೂ ಸೇರಿ ಬೈಯುತ್ತಿದ್ದರಂತೆ. ಇವಳು ಇಲ್ಲಿಗೆ ಓದಲು ಬರುತ್ತೇನೆ ಎಂದಾಗ ತಾಯಿ ಬೇಡ ಅಂದರು, ಅಷ್ಟು ದೂರ ಒಬ್ಬಳೇ ಹೇಗೆ ಎಂದು. ಅಪ್ಪ ಸಮಾಧಾನ ಮಾಡಿದರಂತೆ.

"ಅಪ್ಪ ಹೇಳಿದ," ಅಂದಳು ಹುಡುಗಿ, ಒಂದೊಂದೇ ಇಂಗ್ಲಿಷ್ ಶಬ್ದ ಆರಿಸಿ. "ಅಲ್ಲಿ ಹೆದರಬೇಡ. ನೋಡಿದ್ದೀಯಲ್ಲ, ಆ ದೇಶದಲ್ಲಿ ಒಬ್ಬರು ಸತ್ತರೆ ಎಲ್ಲರೂ ಬಿಳಿ ಬಟ್ಟೆ ಹಾಕಿಕೊಂಡು ಬರುತ್ತಾರೆ. ಮನೆ ತುಂಬ ಬರುತ್ತಾರೆ. ನಮ್ಮ ಹಾಗೇ. ನೀನು ಒಬ್ಬಳೇ ಆಗುವುದಿಲ್ಲ."

ಅವಳು ಆ ಬಿಳಿಯ ಹಾಸನ್ನು ಕೈಯಿಂದ ಸವರಿದಳು. ಆಮೇಲೆ ತಲೆ ಎತ್ತಿ ನನ್ನನ್ನು ಕೇಳಿದಳು. "ಆಂಟಿ, ಅದು ಬರೀ ಸೀರಿಯಲ್‌ನಲ್ಲಿ ಅಷ್ಟೇನಾ?"

ನನ್ನ ಕೈ ಪರ್ಸಿನ ಮೇಲೆ ಹೋಯಿತು. ಹಾಳೆ ಅಲ್ಲೇ ಇತ್ತು. ತೆಗೆದು ತೋರಿಸಿದರೆ ನನ್ನ ಮಗಳ ಮುಖ ಆ ಹುಡುಗಿ ಮತ್ತೆ ನೋಡುತ್ತಾಳೋ ಇಲ್ಲವೋ. ತೋರಿಸದಿದ್ದರೆ ಸತ್ತ ಅಪ್ಪನ ಮಾತು ಸುಳ್ಳಾಗುತ್ತದೆ. ನಾನು ಬಾಯಿ ತೆರೆದೆ, ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ.

"ಅಲ್ಲ," ಅಂದಳು ಮಗಳು. ಬಾಗಿಲ ಹತ್ತಿರ ನಿಂತಲ್ಲೇ, ಇಂಗ್ಲಿಷಿನಲ್ಲಿ. "ಬಂದಿದ್ದರು. ಬಿಳಿ ಸೀರೆ ಉಟ್ಟುಕೊಂಡು ಕೆಳಗೆ ಲಿಫ್ಟಿನ ತನಕ ಬಂದಿದ್ದರು. ನಾವೇ ಅಲ್ಲಿ ಬರೆದು ಹಚ್ಚಿದೆವು, ಬರಬೇಡಿ ಅಂತ. ನಿನಗೆ ಒಬ್ಬಳೇ ಇರುವುದು ಇಷ್ಟ ಅಂದುಕೊಂಡೆವು. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ." ಕೊನೆಯ ಮಾತಿಗೆ ಅವಳ ದನಿ ಕಿತ್ತುಹೋಯಿತು. ಅವಳಿಗೆ ಅದು ಮೊದಲೇ ಗೊತ್ತಿತ್ತೋ, ನಿನ್ನೆ ನನ್ನ ಮಾತು ಕೇಳಿದ ಮೇಲೆ ಕೆಳಗೆ ಹೋಗಿ ವಿಚಾರಿಸಿದಳೋ, ನಾನು ಇವತ್ತಿಗೂ ಕೇಳಿಲ್ಲ.

ಹುಡುಗಿ ಅವಳನ್ನೇ ನೋಡಿದಳು. ಮುಖದಲ್ಲಿ ಸಿಟ್ಟು ಬಂದದ್ದು ನನಗೆ ಕಂಡಿತು. ಬರಲಿ ಅಂದುಕೊಂಡೆ, ಬರಬೇಕಾದದ್ದೇ. ಒಂದೆರಡು ಸಲ ಉಸಿರೆಳೆದು ಅವಳು ಕೇಳಿದ್ದು ಮಾತ್ರ ಬೇರೆ.

"ನಿಜವಾಗಿ ಬಂದಿದ್ದರಾ? ಎಷ್ಟು ಜನ?"

ಮಗಳು ನನ್ನ ಕಡೆ ನೋಡಿದಳು.

"ಬಹಳ ಮಂದಿ," ಅಂದೆ ನಾನು. "ಕೆಳಗಿನ ಮನೆಗಳವರೆಲ್ಲ."

ಅವಳು ಕುರ್ಚಿಗಳ ಸಾಲು ನೋಡಿದಳು, ಪಾತ್ರೆ ನೋಡಿದಳು. ಅಂಗೈಯಿಂದ ಕಣ್ಣೊ‌ರೆಸಿಕೊಂಡು ಮಗಳಿಗೆ ಹೇಳಿದಳು. "ಹಾಗಾದರೆ ಕರೆ ಅವರನ್ನು. ಹೋಗು. ಕಾಫಿ ಬಿಸಿ ಇದೆ."

ಮಗಳು ಚಪ್ಪಲಿ ಕೂಡ ಮೆಟ್ಟಲಿಲ್ಲ, ಮೆಟ್ಟಿಲಿಳಿದು ಓಡಿದಳು. ಕೆಳಗಿನ ಮಹಡಿಯಲ್ಲಿ ಬೆಲ್ಲಿನ ಸದ್ದಾಯಿತು. ಎದುರಿನ ಮನೆಯದೂ ಆಯಿತು. ಆಮೇಲೆ ಅದರ ಕೆಳಗೆ. "ಆವೋ ಮಾಸಿ, ಉಪರ್ ಆವೋ, ಭೂಲ್ ಥೈ ಗಈ" ಎಂದು ಅವಳು ಪ್ರತಿ ಬಾಗಿಲಲ್ಲೂ ಅಳುತ್ತ ಹೇಳುವುದು ಮೇಲಿನ ತನಕ ಕೇಳುತ್ತಿತ್ತು. ಬನ್ನಿ, ಮೇಲೆ ಬನ್ನಿ, ತಪ್ಪಾಯಿತು.

ನನ್ನ ಬಟ್ಟಲು ಖಾಲಿಯಾಗಿತ್ತು. ಹುಡುಗಿ ಎರಡನೆಯದು ಹೊಯ್ದಳು. ನಾನು ಏಳಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳಿಸತೊಡಗಿದಾಗ ಅವಳು ಟೀಪಾಯಿಯ ಹತ್ತಿರ ಹೋಗಿ, ಬೋರಲು ಹಾಕಿದ್ದ ಲೋಟಗಳನ್ನು ಒಂದೊಂದಾಗಿ ನೆಟ್ಟಗೆ ಇಡತೊಡಗಿದಳು.